ಹೊಸ್ತಿಲಿನಿಂದ ಅರಮನೆಗೆ

ಮೈಸೂರಿನ ವಿಜಯನಗರ ಬಡಾವಣೆಯಲ್ಲಿ ಮನೆ ಮಾಡಿಕೊಂಡವರಿಗೆ ವರ್ಷದಲ್ಲಿ ನಾಲ್ಕಾರು ಸಲವಾದರೂ ಪರವೂರಿನ ಸ್ನೇಹಿತರು ಬರುವುದುಂಟು. ದಸರಾ ಬಂತೆಂದರೆ ಬರುತ್ತಾರೆ, ಮಕ್ಕಳಿಗೆ ಬೇಸಿಗೆ ರಜೆ ಸಿಕ್ಕಿತೆಂದರೆ ಬರುತ್ತಾರೆ, ಯಾರದೋ ಮದುವೆಗೆ ಬಂದವರು ಒಂದು ದಿನ ಉಳಿದುಕೊಳ್ಳುತ್ತಾರೆ. ಬಂದವರಿಗೆ ಊರು ತೋರಿಸಬೇಕಲ್ಲ, ಅದಕ್ಕೆ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ ಪಟ್ಟಿ. ಬೆಳಿಗ್ಗೆ ಚಾಮುಂಡಿ ಬೆಟ್ಟ, ಇಳಿದು ಬಂದು ಮೃಗಾಲಯ, ಊಟ ಮುಗಿಸಿ ಅರಮನೆ, ಸಂಜೆ ಕನ್ನಂಬಾಡಿಯ ಬೃಂದಾವನ. ರಾತ್ರಿ ಮನೆ ಸೇರುವಷ್ಟರಲ್ಲಿ ಮಕ್ಕಳು ಕಾರಿನಲ್ಲೇ ನಿದ್ದೆಹೋಗಿರುತ್ತಾರೆ, ದೊಡ್ಡವರಿಗೆ ಮಾತಾಡುವ ತ್ರಾಣ ಉಳಿದಿರುವುದಿಲ್ಲ. ಮರುದಿನ ಬೆಳಿಗ್ಗೆ ಅವರು ಬಸ್ಸು ಹತ್ತುತ್ತಾರೆ. ಈ ಪಟ್ಟಿಯಲ್ಲಿ ತಪ್ಪೇನೂ ಇಲ್ಲ, ನಾಲ್ಕೂ ನೋಡತಕ್ಕ ಜಾಗಗಳೇ. ನನ್ನ ತಕರಾರು ಇರುವುದು ಅದು ಶುರುವಾಗುವ ಕಡೆಯ ಬಗ್ಗೆ. ಬಂದವರಿಗೆ ಊರು ತೋರಿಸುವುದು ನಮ್ಮ ಮನೆಯ ಹೊಸ್ತಿಲಿನಿಂದ ಆರಂಭವಾಗಬೇಕು, ಅರಮನೆ ಆಮೇಲೆ ಬರಬೇಕು ಎಂಬುದು ಇಂದು ನಿಮ್ಮ ಮುಂದೆ ಇಡುತ್ತಿರುವ ವಾದ. ಹಾಗೆ ಮಾಡಿದರೆ ಅತಿಥಿಯ ಕಣ್ಣಿಗೆ ಆ ಅರಮನೆಯೇ ಇನ್ನಷ್ಟು ತುಂಬಿಕೊಂಡು ಕಾಣುತ್ತದೆ ಎಂಬುದು ಅದೇ ವಾದದ ಇನ್ನೊಂದು ಅರ್ಧ.

ಇದಕ್ಕೆ ಮೊದಲ ಆಕ್ಷೇಪ ಬರುವುದು ಅತಿಥಿಗಳಿಂದಲ್ಲ, ವಿಜಯನಗರದವರಿಂದಲೇ. ‘ಇಲ್ಲಿ ತೋರಿಸುವುದಕ್ಕೆ ಏನಿದೆ? ಇದು ಸೈಟು ಹಂಚಿ ಕಟ್ಟಿದ ಬಡಾವಣೆ. ಒಂದನೇ ಹಂತ, ಎರಡನೇ ಹಂತ ಎಂದು ಹೆಸರಿಗೂ ಸಂಖ್ಯೆ ಅಂಟಿಸಿಕೊಂಡಿರುವ ಜಾಗ’ ಎನ್ನುತ್ತಾರೆ. ವಿಜಯನಗರ ಎಂದಾಕ್ಷಣ ಹೊರಗಿನವರ ಮನಸ್ಸಿಗೆ ಬರುವುದು ಹಂಪಿ, ಇಲ್ಲವೇ ಬೆಂಗಳೂರಿನ ಅದೇ ಹೆಸರಿನ ಬಡಾವಣೆ. ಆದರೆ ಮಾತು ಶುರುಮಾಡುವುದಕ್ಕೆ ಈ ಗೊಂದಲವೇ ಒಳ್ಳೆಯ ಎಡೆ. ವಿಜಯನಗರದ ಅರಸರ ಪ್ರತಿನಿಧಿ ಆಳುತ್ತಿದ್ದ ಶ್ರೀರಂಗಪಟ್ಟಣವನ್ನು 1610ರಲ್ಲಿ ರಾಜ ಒಡೆಯರು ಕೈವಶ ಮಾಡಿಕೊಂಡರು. ಹಂಪಿಯ ಮಹಾನವಮಿಯ ಪದ್ಧತಿಯನ್ನು ಅಲ್ಲಿ ದಸರಾ ಎಂದು ಮುಂದುವರಿಸಿದರು. ಇವತ್ತು ಸ್ನೇಹಿತರು ಯಾವ ಜಂಬೂಸವಾರಿಗೆಂದು ರೈಲು ಹತ್ತಿ ಬರುತ್ತಾರೋ ಅದರ ಬೇರು ಆ ವಿಜಯನಗರದಲ್ಲಿದೆ. ಬಡಾವಣೆಗೆ ಆ ಹೆಸರಿಟ್ಟವರು ಇದನ್ನೆಲ್ಲ ಯೋಚಿಸಿಯೇ ಇಟ್ಟರೆಂದು ನಾನು ಹೇಳುತ್ತಿಲ್ಲ. ಹೆಸರು ಇದೆ, ಅದರ ಹಿಂದೆ ಕಥೆ ಇದೆ, ಮನೆಯ ಗೇಟಿನ ಬಳಿ ನಿಂತು ಹೇಳಲು ಎರಡು ನಿಮಿಷ ಸಾಕು. ಇನ್ನು ಬಡಾವಣೆ ಎಂಬುದೇ ಮೈಸೂರಿನ ಮಟ್ಟಿಗೆ ತೋರಿಸತಕ್ಕ ವಸ್ತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಹಳೆಯ ಕೋಟೆಪೇಟೆಯ ಇಕ್ಕಟ್ಟಾದ ಕೇರಿಗಳನ್ನು ಬಡಿದಾಗ, ಗಾಳಿ ಬೆಳಕು ಇರುವ ಹೊಸ ಮೊಹಲ್ಲಾಗಳನ್ನು ನಿರ್ಮಿಸಲೇಬೇಕಾಯಿತು. 1903ರಲ್ಲಿ ಅದಕ್ಕೆಂದೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ದೇಶದಲ್ಲೇ ಇಂಥ ಮಂಡಳಿಗಳ ಪೈಕಿ ಅದು ತೀರ ಮೊದಮೊದಲಿನದು. ಮುಂದೆ ಬಂದ ನಗರಾಭಿವೃದ್ಧಿ ಪ್ರಾಧಿಕಾರ ಅದರ ವಾರಸುದಾರ. ನಮ್ಮ ವಿಜಯನಗರದ ಅಗಲವಾದ ರಸ್ತೆ, ಮೂಲೆಗೊಂದು ಪಾರ್ಕು, ಮನೆಯ ಸುತ್ತ ಬಿಡಬೇಕೆಂದು ನಿಯಮವಿರುವ ಖಾಲಿ ಜಾಗ, ಇವೆಲ್ಲ ಆ ಪ್ಲೇಗಿನ ಕಾಲದಲ್ಲಿ ಕಲಿತ ಪಾಠದ ಮುಂದುವರಿಕೆ.

ಬಡಾವಣೆಗಿಂತ ಮೊದಲು ಇಲ್ಲಿ ಊರಿತ್ತು, ಹೊಲವಿತ್ತು ಎಂಬುದನ್ನು ತೋರಿಸಲು ಹಿನಕಲ್ ಸಾಕು. ಹುಣಸೂರು ರಸ್ತೆಯಲ್ಲಿ ಫ್ಲೈಓವರಿನ ಕೆಳಗೆ ಸಿಗ್ನಲ್ಲಿಗೆ ಕಾಯುವಾಗ ಹಿನಕಲ್ ಎಂದರೆ ಒಂದು ಬಸ್ ನಿಲ್ದಾಣವಷ್ಟೇ ಎನಿಸಬಹುದು. ಒಳಗೆ ಹೋದರೆ ಹಳೆಯ ಊರಿನ ಬೀದಿ ಇದೆ, ಶತಮಾನಗಳಷ್ಟು ಹಿಂದಿನ ನನ್ನೇಶ್ವರ ದೇವಾಲಯವಿದೆ. ಸೋಮನಾಥಪುರದ ಕುಸುರಿಯನ್ನು ಇಲ್ಲಿ ಯಾರೂ ನಿರೀಕ್ಷಿಸಬಾರದು. ಆದರೆ ಒಂದು ಊರು ತನ್ನ ದೇವರನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದು, ಸುತ್ತಲ ಹೊಲಗಳೆಲ್ಲ ಸೈಟುಗಳಾದ ಮೇಲೂ ನಡುವೆ ಉಳಿದುಕೊಂಡಿರುವುದು ಸಣ್ಣ ಸಂಗತಿಯಲ್ಲ. ವಿಜಯನಗರದ ಬಹುಪಾಲು ಮನೆಗಳ ತಳಪಾಯ ನಿಂತಿರುವುದು ಇಂಥ ಊರುಗಳವರು ಒಂದು ಕಾಲದಲ್ಲಿ ರಾಗಿ ಬಿತ್ತುತ್ತಿದ್ದ ನೆಲದ ಮೇಲೆ. ಹೊರಗಿನ ಸ್ನೇಹಿತನಿಗೆ ಇದನ್ನು ಹೇಳುವುದರಲ್ಲಿ ಒಂದು ಪ್ರಾಮಾಣಿಕತೆ ಇದೆ. ನಾವು ಈ ಊರಿಗೆ ಕೊನೆಗೆ ಬಂದು ಸೇರಿದವರು ಎಂದು ಅತಿಥಿಯ ಮುಂದೆ ಒಪ್ಪಿಕೊಂಡಂತಾಗುತ್ತದೆ. ಇಲ್ಲಿಯ ನಿವಾಸಿಗಳಲ್ಲಿ ಅನೇಕರು ಕೊಡಗಿನಿಂದ, ಹಾಸನದಿಂದ, ಮಂಡ್ಯದಿಂದ, ಚಾಮರಾಜನಗರದ ಕಡೆಯಿಂದ ಬಂದು ನೆಲೆಸಿದವರು. ಈ ಊರಿಗೆ ತಾವೂ ಒಂದು ಕಾಲಕ್ಕೆ ಅತಿಥಿಗಳಾಗಿದ್ದವರು ಈಗ ಅತಿಥಿಗೆ ಊರು ತೋರಿಸುತ್ತಿದ್ದಾರೆ.

ಮುಂದಿನದು ನೀರು. ಮೈಸೂರು ಹೊಳೆಯ ದಡದ ಊರಲ್ಲ. ಉತ್ತರಕ್ಕೆ ಕಾವೇರಿ, ದಕ್ಷಿಣಕ್ಕೆ ಕಪಿಲೆ, ನಡುವಿನ ದಿಬ್ಬದ ಮೇಲೆ ಊರು ಕೂತಿದೆ. ಹೀಗಾಗಿ ಮೈಸೂರಿನ ಇತಿಹಾಸದ ದೊಡ್ಡ ಭಾಗ ನೀರನ್ನು ಮೇಲಕ್ಕೆ ತರುವ ಇತಿಹಾಸ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕುಕ್ಕರಹಳ್ಳಿ ಕೆರೆ ಕಟ್ಟಿಸಿದ್ದು ಊರಿನ ಉಪಯೋಗಕ್ಕಾಗಿ. ಆಮೇಲೆ ಹೊಳೆಯಿಂದ ನೀರೆತ್ತುವ ಏರ್ಪಾಟು ಬಂತು. ಯಾದವಗಿರಿಯಲ್ಲಿರುವ ವಾಣಿವಿಲಾಸ ನೀರು ಸರಬರಾಜು ಕೇಂದ್ರದ ಹೆಸರು ಆ ಕಾಲವನ್ನು ಇನ್ನೂ ಹೊತ್ತುಕೊಂಡಿದೆ. ಇವತ್ತು ಹೊಂಗಳ್ಳಿ, ಬೆಳಗೊಳಗಳಿಂದ ಎತ್ತಿದ ಕಾವೇರಿ ನೀರು ನಗರದ ಎತ್ತರದ ಜಾಗಗಳಲ್ಲಿರುವ ಜಲಾಗಾರಗಳಿಗೆ ಬರುತ್ತದೆ. ವಿಜಯನಗರದಲ್ಲಿರುವುದು ಅಂಥದ್ದರಲ್ಲಿ ಒಂದು. ಅಲ್ಲಿಂದ ನೀರು ಇಳಿಜಾರು ಹಿಡಿದು ಮನೆಮನೆಗೆ ಹೋಗುತ್ತದೆ. ಇದನ್ನು ಅತಿಥಿಗೆ ಮೊದಲೇ ಹೇಳಿ, ಆಮೇಲೆ ಕನ್ನಂಬಾಡಿ ಅಣೆಕಟ್ಟಿಗೆ ಕರೆದುಕೊಂಡು ಹೋಗಿ ನೋಡಿ. 1911ರಲ್ಲಿ ಶುರುವಾಗಿ ಮೂವತ್ತರ ದಶಕದ ಆರಂಭದಲ್ಲಿ ಮುಗಿದ ಆ ಅಣೆಕಟ್ಟು ಬಣ್ಣದ ಕಾರಂಜಿಯ ಹಿಂದಿನ ಗೋಡೆಯಾಗಿ ಮಾತ್ರ ಕಾಣುವುದಿಲ್ಲ. ಬೆಳಿಗ್ಗೆ ನಮ್ಮ ಮನೆಯ ನಲ್ಲಿಯಲ್ಲಿ ಮುಖ ತೊಳೆದ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರವಾಗಿ ಕಾಣುತ್ತದೆ. ಅಣೆಕಟ್ಟಿನ ಅರ್ಥ ತಿಳಿಯುವುದು ಮನೆಯ ನಲ್ಲಿಯಿಂದ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ನೀವು ಈಗ ಬಾನುಲಿಯಲ್ಲಿ ಕೇಳುತ್ತಿರುವ ಈ ಮಾತಿನ ಮೂಲವೂ ಹತ್ತಿರದಲ್ಲೇ ಇದೆ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟಿನ ಪ್ರೇಷಕ ಇಟ್ಟುಕೊಂಡು ಒಂದು ಬಾನುಲಿ ನಿಲಯ ಶುರುಮಾಡಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂತು. ಹೆಸರು ಕೊಟ್ಟವರು ಸಾಹಿತಿ ನಾ. ಕಸ್ತೂರಿ ಎಂದು ಮೈಸೂರಿನವರು ಹೇಳಿಕೊಂಡು ಬಂದಿದ್ದಾರೆ. 30 ವ್ಯಾಟು ಎಂದರೆ ಈಗಿನ ಮನೆಯ ಒಂದೆರಡು ಬಲ್ಬಿನಷ್ಟು ಶಕ್ತಿ. ಅಷ್ಟರಲ್ಲಿ ಹೊರಟ ಹೆಸರು ಐವತ್ತರ ದಶಕದಲ್ಲಿ ಇಡೀ ಭಾರತದ ಬಾನುಲಿಯ ಹೆಸರಾಯಿತು. ನಡುವೆ ಸಂಸ್ಥಾನದ ಸರ್ಕಾರ ನಿಲಯವನ್ನು ವಹಿಸಿಕೊಂಡಿತು, 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು, ಎಪ್ಪತ್ತರ ದಶಕದಲ್ಲಿ ಮೈಸೂರಿಗೆ ಮತ್ತೆ ನಿಲಯ ಬಂತು. ಯಾದವಗಿರಿಯ ಇಂದಿನ ನಿಲಯ ಆ ಹಳೆಯ ಮನೆಗೆ ಕೂಗಳತೆಯ ದೂರ. ದೆಹಲಿಯಿಂದಲೋ ಪುಣೆಯಿಂದಲೋ ಬಂದ ಸ್ನೇಹಿತನೊಬ್ಬ ಬಾಲ್ಯದಿಂದ ಕೇಳುತ್ತ ಬೆಳೆದ ಪದ ಬಾನುಲಿಯ ಹೆಸರಾದದ್ದು ಈ ಬೀದಿಯಲ್ಲಿ ಎಂದು ತಿಳಿದಾಗ, ಆ ಬೀದಿಗೂ ಅವನಿಗೂ ಸಂಬಂಧವೊಂದು ಏರ್ಪಡುತ್ತದೆ. ಅರಮನೆಯ ಮುಂದೆ ನಿಂತಾಗ ಅವನು ಪ್ರೇಕ್ಷಕ, ಇಲ್ಲಿ ಪಾಲುದಾರ. ಪಕ್ಕದ ಒಂಟಿಕೊಪ್ಪಲಿನ ವಿಷಯವೂ ಹೀಗೇ. ಕರ್ನಾಟಕದ ಎಷ್ಟೋ ಕಡೆಗಳಿಂದ ಬಂದವರಿಗೆ ತಮ್ಮ ಮನೆಯ ಗೋಡೆಗೆ ನೇತುಹಾಕಿದ ಒಂಟಿಕೊಪ್ಪಲ್ ಪಂಚಾಂಗ ಗೊತ್ತು. ಒಂಟಿಕೊಪ್ಪಲು ಎಂಬುದೊಂದು ಜಾಗ, ಅಲ್ಲಿ ಬಸ್ಸು ನಿಲ್ಲುತ್ತದೆ ಎಂಬುದು ಅವರಲ್ಲಿ ಎಷ್ಟೋ ಜನರಿಗೆ ಹೊಸ ಸುದ್ದಿ.

ಈಗ ವಾದದ ಮುಖ್ಯ ಸಾಕ್ಷ್ಯಕ್ಕೆ ಬರುತ್ತೇನೆ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಅರಮನೆಯಲ್ಲಿ ಆಗ ನಡೆಯುತ್ತಿದ್ದದ್ದು ಹತ್ತನೇ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ಮದುವೆ. ವರ ಎಂ. ಕಾಂತರಾಜ ಅರಸು, ಮುಂದೆ ದಿವಾನರಾದವರು. ಸುಟ್ಟ ಜಾಗದಲ್ಲೇ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಈಗಿನ ಅರಮನೆ ಎದ್ದು 1912ರಲ್ಲಿ ಮುಗಿಯಿತು. ಮತ್ತೆ ಬೆಂಕಿಗೆ ತುತ್ತಾಗದಿರಲೆಂದು ಮರದ ಬದಲು ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣದ ಕಂಬಗಳು ಬಂದವು. ಆ ರಾಜಕುಮಾರಿಗಾಗಿ 1905ರಲ್ಲಿ ಕಟ್ಟಿದ ಭವನವೇ ಇಂದಿನ ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ. ವಿಜಯನಗರದ ಮಗ್ಗುಲಲ್ಲಿರುವ ಜಯಲಕ್ಷ್ಮೀಪುರಕ್ಕೆ ಹೆಸರು ಬಂದದ್ದೂ ಅವರಿಂದಲೇ. ಪ್ರತಿದಿನ ತರಕಾರಿಗೆ ಹೋಗುವ ಬಡಾವಣೆಯ ಹೆಸರು, ವಿಶ್ವವಿದ್ಯಾನಿಲಯದ ಆವರಣದ ಒಂದು ಹಳೆಯ ಮಹಲು, ದೇಶವಿದೇಶದವರು ಟಿಕೆಟ್ಟು ಕೊಂಡು ನೋಡುವ ಅರಮನೆ, ಮೂರನ್ನೂ ಕಟ್ಟಿಹಾಕುವುದು ಒಂದು ಮದುವೆ, ಒಂದು ಬೆಂಕಿ. ಮೊದಲು ಜಯಲಕ್ಷ್ಮೀ ವಿಲಾಸದ ಎದುರು ನಿಂತು ಈ ಕಥೆ ಕೇಳಿಕೊಂಡ ಅತಿಥಿ ಆಮೇಲೆ ಅರಮನೆಯ ಕಲ್ಯಾಣ ಮಂಟಪಕ್ಕೆ ಹೋದರೆ, ಅಲ್ಲಿಯ ಕಬ್ಬಿಣದ ಕಂಬದ ಮೇಲೆ ಕೈಯಿಟ್ಟು ನೋಡುತ್ತಾನೆ. ಅದು ಅಲಂಕಾರಕ್ಕೆ ನಿಂತ ಕಂಬವಲ್ಲ, ಭಯದಿಂದ ಕಲಿತ ಬುದ್ಧಿ ಎಂದು ಅವನಿಗೆ ಗೊತ್ತಿರುತ್ತದೆ. ನೇರವಾಗಿ ಅರಮನೆಗೆ ಹೋದವನು ಅದೇ ಕಂಬದ ಪಕ್ಕ ಹಾದುಹೋಗುತ್ತಾನೆ, ಸಾಲಿನಲ್ಲಿ ಹಿಂದಿನವರು ತಳ್ಳುತ್ತಿರುತ್ತಾರೆ.

ಜಯಲಕ್ಷ್ಮೀ ವಿಲಾಸ ಹೇಳುವ ಇನ್ನೊಂದು ಮಾತು ಇದೆ, ನನಗೆ ಅದು ಇನ್ನೂ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಕುವೆಂಪು ಅವರು ಕುಲಪತಿಗಳಾಗಿದ್ದ ಕಾಲದಲ್ಲಿ ಈ ಭವನ ಮತ್ತು ಸುತ್ತಲ ನೆಲ ವಿಶ್ವವಿದ್ಯಾನಿಲಯದ ಕೈಗೆ ಬಂದವು. 1960ರಲ್ಲಿ ಸ್ನಾತಕೋತ್ತರ ಕೇಂದ್ರ ಶುರುವಾಯಿತು, ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಅರವತ್ತರ ದಶಕದ ಕೊನೆಗೆ ರಾಜಕುಮಾರಿಯ ಮಹಲಿನಲ್ಲಿ ಜಾನಪದ ವಸ್ತುಸಂಗ್ರಹಾಲಯ ಬಂತು. ಹಳ್ಳಿಗಳಿಂದ ತಂದ ಸೋಮನ ಮುಖವಾಡಗಳು, ಯಕ್ಷಗಾನದ ಕಿರೀಟಗಳು, ಬೇಸಾಯದ ಮುಟ್ಟುಗಳು, ತೊಗಲುಗೊಂಬೆಗಳು ದೊರೆಮಗಳ ಕೋಣೆಗಳನ್ನು ತುಂಬಿದವು. ಒಂದು ತೊಗಲುಗೊಂಬೆಯನ್ನು ಹತ್ತಿರದಿಂದ ನೋಡಿ. ಆಡಿನ ಚರ್ಮವನ್ನು ಹದಮಾಡಿ, ಬೆಳಕು ತೂರುವಷ್ಟು ತೆಳ್ಳಗಾಗಿಸಿ, ಅದರ ಮೇಲೆ ಬಣ್ಣ ಹಚ್ಚಿರುತ್ತಾರೆ. ಒಡವೆ, ಸೀರೆಯ ಅಂಚು, ಹೂವು ಎಲ್ಲ ಉಳಿಯಿಂದ ಕೊರೆದ ಸಣ್ಣ ಸಣ್ಣ ತೂತುಗಳು. ಗೋಡೆಗೆ ಒರಗಿಸಿಟ್ಟಾಗ ಅದು ಮಂಕಾದ ಒಣ ತೊಗಲು, ದೀಪದ ಮುಂದೆ ಹಿಡಿದಾಗ ಬಣ್ಣ ಉರಿಯುತ್ತದೆ, ಆ ತೂತುಗಳೆಲ್ಲ ಚಿನ್ನವಾಗುತ್ತವೆ. ಅರಮನೆಯ ಬಣ್ಣದ ಗಾಜಿನ ಚಾವಣಿಯನ್ನು ನೋಡಿ ಬೆರಗಾಗುವವರು, ಬೆಳಕನ್ನು ಬಣ್ಣದ ಮೂಲಕ ಹಾಯಿಸುವ ಅದೇ ಕೆಲಸವನ್ನು ಊರೂರು ಅಲೆಯುವ ಕಲಾವಿದರು ಚರ್ಮದಲ್ಲಿ ಮಾಡಿದ್ದನ್ನೂ ನೋಡಿರಬೇಕು. ಹಾಗೆಯೇ ಅರಸುಮನೆತನದ ಇನ್ನೊಂದು ಮಹಲು ಚೆಲುವಾಂಬ ಭವನ 1950ರಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯವಾಯಿತು. ಎಮ್ಮೆಯ ಹಾಲಿನಿಂದ ಕೂಸುಗಳಿಗೆ ಆಹಾರ ತಯಾರಿಸುವ ವಿಧಾನ ಅಲ್ಲಿ ರೂಪುಗೊಂಡು ಅಮುಲ್ ಡಬ್ಬಿಯಾಗಿ ದೇಶದ ಮನೆಗಳಿಗೆ ಹೋಯಿತು. ಕಾರಂಜಿ ವಿಲಾಸ ಅಂಚೆ ಇಲಾಖೆಯ ತರಬೇತಿ ಕೇಂದ್ರವಾಯಿತು. ದೊರೆಮನೆತನದ ಮಹಲುಗಳು ಒಂದೊಂದಾಗಿ ಜನರ ಶಾಲೆಗಳಾದದ್ದು ಮೈಸೂರಿನ ಹೆಗ್ಗಳಿಕೆ ಎಂದು ನಾನು ತಿಳಿದಿದ್ದೇನೆ. ಅರಮನೆಯೊಂದನ್ನೇ ನೋಡಿ ಹೋದವರು ಅರಸರ ವೈಭವವನ್ನಷ್ಟೇ ನೋಡಿ ಹೋದರು.

ಮಾನಸಗಂಗೋತ್ರಿಗೆ ಬಂದ ಮೇಲೆ ಕುಕ್ಕರಹಳ್ಳಿ ಕೆರೆಯನ್ನು ಬಿಟ್ಟು ಹೋಗುವಂತಿಲ್ಲ. ಬೆಳಗಿನ ಹೊತ್ತು ಏರಿಯ ಮೇಲೆ ನಡೆಯುವವರ ಸಾಲೇ ಇರುತ್ತದೆ. ಕುವೆಂಪು ಇಲ್ಲಿ ನಡೆದರು, ಆರ್.ಕೆ. ನಾರಾಯಣ್ ಇಲ್ಲಿ ನಡೆದರು. ಒಬ್ಬರು ಕನ್ನಡಕ್ಕೆ ಮಹಾಕಾವ್ಯ ಕೊಟ್ಟವರು, ಇನ್ನೊಬ್ಬರು ಇಂಗ್ಲಿಷಿನಲ್ಲಿ ಬರೆದು ಒಂದು ಸಣ್ಣ ಊರನ್ನು ಲೋಕಕ್ಕೆ ಪರಿಚಯಿಸಿದವರು. ಆದರೆ ಸಾಹಿತಿಗಳ ಹೆಸರು ಹೇಳಿ ಅಲ್ಲಿಗೇ ನಿಲ್ಲಿಸಬೇಡಿ. ನಡುಗಡ್ಡೆಯ ಮರಗಳ ಕಡೆ ಕೈತೋರಿಸಿ. ಅಲ್ಲಿ ಕೂತಿರುವ ಬೂದುಬಿಳಿ ಬಣ್ಣದ ದೊಡ್ಡ ಹಕ್ಕಿ ಹೆಜ್ಜಾರ್ಲೆ. ಕೊಂಬೆಯ ಮೇಲೆ ಕೂತಾಗ ಇಷ್ಟು ಭಾರದ ಹಕ್ಕಿಯನ್ನು ಆ ಕೊಂಬೆ ಹೇಗೆ ತಡೆದುಕೊಂಡಿದೆ ಎನಿಸುತ್ತದೆ. ಕೊಕ್ಕಿನ ಮೇಲ್ಭಾಗದ ಅಂಚಿನುದ್ದಕ್ಕೂ ಸಾಲಾಗಿ ಚುಕ್ಕೆಗಳಿವೆ, ಕೆಳಗೆ ಚೀಲ ಜೋತುಬಿದ್ದಿರುತ್ತದೆ. ನೀರಿನಿಂದ ಏಳಬೇಕಾದರೆ ಅದು ಒಂದೇ ಏಟಿಗೆ ಏಳಲಾರದು, ಎರಡೂ ಕಾಲಿನಿಂದ ನೀರನ್ನು ಒದೆಯುತ್ತ ಒಂದಷ್ಟು ದೂರ ಓಡಿ ಆಮೇಲೆ ಮೇಲೇರುತ್ತದೆ. ಒಮ್ಮೆ ಮೇಲೇರಿತೆಂದರೆ ರೆಕ್ಕೆ ಅಲ್ಲಾಡಿಸದೆ ಸುತ್ತು ಹಾಕುತ್ತದೆ. ಇದನ್ನು ನೋಡುವುದಕ್ಕೆ ಟಿಕೆಟ್ಟಿನ ಸಾಲಿಲ್ಲ, ಪಂಜರವಿಲ್ಲ. ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ಊರಿನ ಕೊಳಚೆ ಈ ಕೆರೆಗೆ ಸೇರಿ ನೀರು ಕೆಟ್ಟದ್ದುಂಟು, ಅದನ್ನು ತಡೆಯಲು ಹೋರಾಡಿದವರೂ ಉಂಟು. ಸ್ನೇಹಿತರಿಗೆ ಊರು ತೋರಿಸುವಾಗ ಒಳ್ಳೆಯದನ್ನು ಮಾತ್ರ ತೋರಿಸಬೇಕೆಂಬ ನಿಯಮವಿಲ್ಲ. ಮನೆಯವರಂತೆ ಭಾವಿಸಿ ಕರೆದುಕೊಂಡು ಬಂದವರಿಗೆ ಮನೆಯ ಕಷ್ಟವನ್ನೂ ಹೇಳಿದರೆ ತಪ್ಪಲ್ಲ.

‘ಎಲ್ಲ ಸರಿ, ಇರುವುದು ಒಂದು ದಿನ. ಸಾವಿರ ಮೈಲಿ ಪ್ರಯಾಣ ಮಾಡಿ ಬಂದವನಿಗೆ ಅರಮನೆ ತಪ್ಪಿಸಿ ಕೆರೆ ಏರಿ ತೋರಿಸಿದರೆ ಅವನು ಮನಸ್ಸಿನಲ್ಲಿ ಏನೆಂದುಕೊಂಡಾನು?’ ಎಂಬ ಆಕ್ಷೇಪ ನ್ಯಾಯವಾದದ್ದೇ. ಅರಮನೆ ತಪ್ಪಿಸಿ ಎಂದು ನಾನು ಹೇಳಿಲ್ಲ. ಮೊದಲನೇ ಹಂತದ ಮನೆಯಿಂದ ಹೊರಟರೆ ಯಾದವಗಿರಿ, ಜಯಲಕ್ಷ್ಮೀ ವಿಲಾಸ, ಕುಕ್ಕರಹಳ್ಳಿ ಎಲ್ಲವೂ ಹೆಚ್ಚುಕಡಿಮೆ ಮೂರು ಕಿಲೋಮೀಟರಿನ ಒಳಗೆ ಬರುತ್ತವೆ. ಬೆಳಗಿನ ತಂಪಿನಲ್ಲಿ ಆರಕ್ಕೆ ಹೊರಟವರು ಒಂಬತ್ತೂವರೆಗೆ ತಿಂಡಿಗೆ ಮನೆಗೆ ಬರಬಹುದು. ಅರಮನೆಯ ಬಾಗಿಲು ತೆರೆಯುವುದೇ ಹತ್ತು ಗಂಟೆಗೆ. ಹಾಗಾದರೆ ನಾವು ಯಾವ ಹೊತ್ತನ್ನು ಅರಮನೆಯಿಂದ ಕಿತ್ತುಕೊಂಡೆವು? ಪಟ್ಟಿಯಲ್ಲಿ ಒಂದನ್ನು ಬಿಡಲೇಬೇಕೆಂದರೆ ಮೃಗಾಲಯವನ್ನು ಬಿಡಿ ಎನ್ನುತ್ತೇನೆ. ಮೈಸೂರು ಮೃಗಾಲಯ 1892ರಷ್ಟು ಹಳೆಯದು, ದೇಶದ ಒಳ್ಳೆಯ ಮೃಗಾಲಯಗಳಲ್ಲಿ ಒಂದು, ಅದಕ್ಕೆ ಅಗೌರವ ತೋರುತ್ತಿಲ್ಲ. ಅದು ಒಂದು ಇಡೀ ಬೆಳಿಗ್ಗೆಯನ್ನು ಕೇಳುವ ಜಾಗ. ಒಂದು ಗಂಟೆಯಲ್ಲಿ ಓಡಿ ಮುಗಿಸಿದರೆ ಪ್ರಾಣಿಗಳಿಗಿಂತ ಮುಂದಿನವರ ಬೆನ್ನನ್ನೇ ಹೆಚ್ಚು ನೋಡಿದಂತಾಗುತ್ತದೆ. ಚಿಕ್ಕ ಮಕ್ಕಳಿದ್ದರೆ ಮಾತು ಬೇರೆ, ಅವರಿಗೆ ಮೃಗಾಲಯವೇ ಮೊದಲು. ವಯಸ್ಸಾದವರಿಗೆ ನಡೆಯುವುದು ಕಷ್ಟವೆನ್ನುವುದಾದರೆ, ಅರಮನೆಯಲ್ಲೂ ಬೆಟ್ಟದಲ್ಲೂ ನಡೆಯುವುದು ಇದಕ್ಕಿಂತ ಕಡಿಮೆಯೇನಲ್ಲ. ಕೆರೆಯ ಏರಿಯ ಮೇಲೆ ಕೂರಲು ಬೆಂಚುಗಳಾದರೂ ಇವೆ.

‘ಇಷ್ಟೆಲ್ಲ ನಮಗೆ ಗೊತ್ತಿರುವುದಿಲ್ಲ, ಅದಕ್ಕೆ ಗೈಡುಗಳಿದ್ದಾರೆ, ಫೋನಿನಲ್ಲಿ ಎಲ್ಲ ಸಿಗುತ್ತದೆ’ ಎಂಬುದು ಇನ್ನೊಂದು ಮಾತು. ಗೈಡುಗಳ ಕಸುಬಿನ ಮೇಲೆ ನನಗೆ ಗೌರವವಿದೆ, ಅರಮನೆಯೊಳಗಿನ ಒಂದೊಂದು ಚಿತ್ರದ ವಿವರ ಅವರಿಗೆ ಬಾಯಿಪಾಠ. ಆದರೆ ಗೈಡು ತೋರಿಸುವುದು ಕಟ್ಟಡವನ್ನು, ಅದರ ಗೇಟಿನಲ್ಲಿ ಅವನ ಕೆಲಸ ಮುಗಿಯುತ್ತದೆ. ಆ ಕಟ್ಟಡಕ್ಕೂ ನೀವು ದಿನವೂ ಓಡಾಡುವ ಬೀದಿಗೂ ಇರುವ ನಂಟನ್ನು ಹೇಳಬಲ್ಲವರು ಆ ಬೀದಿಯವರು ಮಾತ್ರ. ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್ ಇದನ್ನು ನೂರು ವರ್ಷಕ್ಕೂ ಹಿಂದೆಯೇ ಕಂಡುಕೊಂಡಿದ್ದರು. ಎಡಿನ್‌ಬರೋ ನಗರದಲ್ಲಿ 1892ರಿಂದ ಅವರು ನಡೆಸಿದ ಔಟ್‌ಲುಕ್ ಟವರ್ ಎಂಬ ಗೋಪುರದಲ್ಲಿ ಬಂದವರನ್ನು ಮೊದಲು ತುದಿಗೆ ಹತ್ತಿಸಿ ಸುತ್ತಲ ಊರನ್ನೇ ತೋರಿಸುತ್ತಿದ್ದರು. ಆಮೇಲೆ ಒಂದೊಂದೇ ಅಂತಸ್ತು ಇಳಿದಂತೆ ನಗರ, ನಾಡು, ಯುರೋಪು, ಕೊನೆಗೆ ಜಗತ್ತು. ಹತ್ತಿರದ್ದನ್ನು ನೋಡಲು ಕಲಿಯದವನು ದೂರದ್ದನ್ನು ನೋಡಲಾರ ಎಂಬುದು ಆ ಏರ್ಪಾಟಿನ ತಿರುಳು. ಗೆಡ್ಡೆಸ್ 1914ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಹತ್ತಾರು ಊರುಗಳನ್ನು ನಡೆದು ನೋಡಿ ಯೋಜನಾ ವರದಿಗಳನ್ನು ಬರೆದರು, ಮುಂದೆ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಮೊದಲ ಪ್ರಾಧ್ಯಾಪಕರಾದರು. ನಮಗೆ ಗೋಪುರ ಕಟ್ಟುವ ಖರ್ಚಿಲ್ಲ, ಚಾಮುಂಡಿ ಬೆಟ್ಟವಿದೆ. ಆದರೆ ಬೆಟ್ಟದ ಮೇಲಿನಿಂದ ಕೆಳಗೆ ನೋಡಿದಾಗ ಊರು ಬರೀ ದೀಪದ ಚುಕ್ಕಿಗಳಾಗಿ ಕಾಣಬಾರದು. ಅಗೋ ಆ ಕತ್ತಲೆಯ ತೇಪೆ ಕುಕ್ಕರಹಳ್ಳಿ, ಅದರಾಚೆ ನಾವಿರುವ ಕಡೆ ಎಂದು ಅತಿಥಿ ತಾನೇ ಗುರುತಿಸುವಂತಿರಬೇಕು. ಬೆಳಿಗ್ಗೆ ಅಲ್ಲೆಲ್ಲ ನಡೆದು ಬಂದಿದ್ದರೆ ಅದು ಸಾಧ್ಯ. ಗೊತ್ತಿಲ್ಲ ಎನ್ನುವವರಿಗೆ ನನ್ನ ಉತ್ತರ, ಸ್ನೇಹಿತರು ಬರುವ ಹಿಂದಿನ ವಾರ ಒಮ್ಮೆ ನೀವೇ ಹೋಗಿ ಬನ್ನಿ. ತೋರಿಸಬೇಕೆಂಬ ಜವಾಬ್ದಾರಿ ಬಂದಾಗಲೇ ನಾವೂ ನೋಡಲು ತೊಡಗುವುದು.

ಕೊನೆಯ ಆಕ್ಷೇಪವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಕೆರೆಯ ಏರಿ, ಹಿನಕಲ್ಲಿನ ಗುಡಿ, ಒಂಟಿಕೊಪ್ಪಲಿನ ಬೀದಿ, ಇವು ಜನ ಬದುಕುವ ಜಾಗಗಳು. ಇವನ್ನೂ ಪ್ರವಾಸಿತಾಣ ಮಾಡಿದರೆ ಅಲ್ಲಿಯ ನೆಮ್ಮದಿ ಹಾಳಾಗುವುದಿಲ್ಲವೇ? ಬಸ್ಸುಗಟ್ಟಲೆ ಜನ ಇಳಿದರೆ ಖಂಡಿತ ಹಾಳಾಗುತ್ತದೆ. ಕುವೆಂಪು ಅವರ ‘ಉದಯರವಿ’ ಒಂದು ಮನೆ, ಅದರ ಮುಂದೆ ಗುಂಪು ಕಟ್ಟಿ ಗದ್ದಲ ಮಾಡುವುದು ಸಲ್ಲದು, ರಸ್ತೆಯಿಂದಲೇ ನೋಡಿ ಮುಂದೆ ಹೋಗಬೇಕು. ಆದರೆ ಮನೆಯವರೊಬ್ಬರ ಜೊತೆ ಇಬ್ಬರು ಮೂವರು ಸ್ನೇಹಿತರು ಮೆಲುದನಿಯಲ್ಲಿ ಮಾತಾಡುತ್ತ ನಡೆದುಹೋಗುವುದರಿಂದ ಕೆಡುಕಾಗದು, ಒಳ್ಳೆಯದೇ ಆಗಬಹುದು. ಯಾದವಗಿರಿಯ ಆರ್.ಕೆ. ನಾರಾಯಣ್ ಮನೆಯ ವಿಷಯ ನೆನಪಿಸಿಕೊಳ್ಳಿ. 2011ರಲ್ಲಿ ಆ ಮನೆಯನ್ನು ಕೆಡವುವ ಕೆಲಸ ಶುರುವಾಗಿಯೇ ಬಿಟ್ಟಿತ್ತು. ಅದು ಯಾರ ಮನೆ ಎಂದು ಬಲ್ಲವರು ದನಿಯೆತ್ತಿದರು, ಪತ್ರಿಕೆಗಳು ಬರೆದವು, ಕೆಲಸ ನಿಂತಿತು. ಮುಂದೆ ನಗರ ಪಾಲಿಕೆ ಅದನ್ನು ತನ್ನದಾಗಿಸಿಕೊಂಡು ದುರಸ್ತಿ ಮಾಡಿಸಿತು, 2016ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಬೀದಿಯಲ್ಲಿ ಹೋಗುವವರಿಗೆ ಅದು ಬರೀ ಒಂದು ಹಳೆಯ ಮನೆಯಾಗಿದ್ದರೆ ಅಲ್ಲಿ ಇಂದು ಬಹುಮಹಡಿ ಕಟ್ಟಡ ನಿಂತಿರುತ್ತಿತ್ತು. ಬಲ್ಲವರಿದ್ದ ಜಾಗ ಉಳಿಯಿತು. ಬೇರೆಯವರಿಗೆ ತೋರಿಸಿ, ಅದರ ಬಗ್ಗೆ ಮಾತಾಡಿ, ಹೆಸರು ಹೇಳಿ ಅಭ್ಯಾಸವಿಲ್ಲದಿದ್ದರೆ ನಮ್ಮದೇ ಬಡಾವಣೆಯ ಹಳೆಯ ಮರವನ್ನು ಕಡಿದ ದಿನವೂ ನಮಗೆ ಅದರ ಅರಿವಾಗುವುದಿಲ್ಲ.

ವರ್ತುಲ ರಸ್ತೆಯಾಚೆ ನಾಲ್ಕನೇ ಹಂತದಲ್ಲಿರುವವರಿಗೆ ನಾನು ಹೇಳಿದ ಜಾಗಗಳು ತುಸು ದೂರ. ಅವರು ಹಿನಕಲ್ಲಿನಿಂದ ಶುರುಮಾಡಲಿ, ಉಳಿದದ್ದಕ್ಕೆ ಬಸ್ಸು ಹಿಡಿಯಲಿ. ಜಾನಪದ ವಸ್ತುಸಂಗ್ರಹಾಲಯ, ನಾರಾಯಣ್ ಮನೆ ಯಾವ ದಿನ ತೆರೆದಿರುತ್ತವೆ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು, ಹಳೆಯ ಕಟ್ಟಡಗಳಿಗೆ ಆಗಾಗ ದುರಸ್ತಿ ನಡೆಯುತ್ತಿರುತ್ತದೆ. ಸ್ನೇಹಿತರು ಭಾನುವಾರ ಇರುವಂತಿದ್ದರೆ ಅರಮನೆಯನ್ನು ದಿನದ ಕೊನೆಗೆ ಇಟ್ಟುಕೊಳ್ಳಿ. ಸಂಜೆ ಏಳಕ್ಕೆ ಸುಮಾರು ಒಂದು ಲಕ್ಷ ದೀಪಗಳು ಒಟ್ಟಿಗೆ ಹೊತ್ತಿಕೊಂಡಾಗ, ಬೆಳಿಗ್ಗೆ ಜಯಲಕ್ಷ್ಮೀ ವಿಲಾಸದ ಮುಂದೆ ಹೇಳಿದ ಬೆಂಕಿಯ ಕಥೆ ಅವರಿಗೇ ನೆನಪಾಗುತ್ತದೆ, ನೀವು ಮತ್ತೆ ಹೇಳಬೇಕಾಗಿಲ್ಲ. ಮುಂದಿನ ಸಲ ಮನೆಗೆ ಯಾರಾದರೂ ಬಂದಾಗ ಅವರನ್ನು ಕಾರು ಹತ್ತಿಸುವ ಮೊದಲು ಐದು ನಿಮಿಷ ಗೇಟಿನ ಹೊರಗೆ ನಿಲ್ಲಿಸಿಕೊಳ್ಳಿ. ಈ ರಸ್ತೆ ಯಾವ ಕಡೆ ಇಳಿಯುತ್ತದೆ, ನಮ್ಮ ನೀರು ಎಲ್ಲಿಂದ ಏರಿ ಬರುತ್ತದೆ, ಈ ಮನೆಗಳಿಗಿಂತ ಮೊದಲು ಇಲ್ಲಿ ಯಾವ ಊರಿನ ಹೊಲವಿತ್ತು ಎಂದು ಕೈತೋರಿಸಿ ಹೇಳಿ.